ದೀಪದ ಜೊತೆಗೆ ಎಣ್ಣೆ



ಸ್ಮರಣ ಸಂಚಿಕೆಯ ಈ ಪುಟಗಳಲ್ಲಿ ಪರೀಕ್ಷೆಯ ಫಲಿತಾಂಶಗಳನ್ನೂ, ಆಟಪಾಟಗಳಲ್ಲಿ ನಮ್ಮ ಹುಡುಗಿಯರು ಪಡೆದ ಬಹುಮಾನಗಳನ್ನೂ ಕುರಿತು ಮುಖ್ಯೋಪಾಧ್ಯಾಯಿನಿಯು ಬರೆಯುವುದು ವಾಡಿಕೆಯಾಗಿರುತ್ತದೆ. ಅವೆಲ್ಲವೂ ಈ ಸಂಚಿಕೆಯ ಬೇರೆ ಭಾಗದಲ್ಲಿ ಅಚ್ಚಾಗಿರುವುದರಿಂದ, ಈ ಸಾರಿ ನಾವು ಬೇರೊಂದು ವಿಷಯವನ್ನು ತಮ್ಮ ಮುಂದೆ ಇಡಬೇಕೆಂದಿದ್ದೇವೆ. ಶಾಲೆಯ ಹೆಬ್ಬಾಗಿಲ ಮೇಲೆ ಗಡಿಯಾರದ ಗೋಪುರವೊಂದನ್ನೂ ಅದರ ಹಿಂದೆ ಹೊಸ ಸಭಾಂಗಣವನ್ನೂ ಕಟ್ಟಿಸಬೇಕೆಂದು ತಮ್ಮಲ್ಲಿ ಅನೇಕರು ಉತ್ಸಾಹದಿಂದ ನಿಧಿಯನ್ನು ಕೂಡಿಸುತ್ತಿರುವಿರಿ. ಆ ಉತ್ಸಾಹಕ್ಕೆ ನಾವು ಕೃತಜ್ಞರಾಗಿದ್ದೇವೆ. ಆದರೆ ಗೋಪುರವೆಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನಮ್ಮ ಮನಸ್ಸು ದೂರದ ಇನ್ನೊಂದು ಗೋಪುರದ ಕಡೆಗೆ ಹೋಗುತ್ತದೆ. ಅದರ ಕಥೆಯನ್ನು ಹೇಳಿ, ಆಮೇಲೆ ನಮ್ಮ ಅಭಿಪ್ರಾಯವನ್ನು ಅರಿಕೆಮಾಡುವೆವು.

2001ನೆಯ ಇಸವಿ ಸೆಪ್ಟೆಂಬರ್ 11ನೆಯ ತಾರೀಖು ಮಂಗಳವಾರ ಬೆಳಿಗ್ಗೆ ಅಮೇರಿಕಾ ದೇಶದ ನ್ಯೂಯಾರ್ಕ್ ನಗರದಲ್ಲಿ ನಡೆದ ಘೋರಕೃತ್ಯವನ್ನು ತಿಳಿಯದವರು ವಿರಳ. ವರ್ಲ್ಡ್ ಟ್ರೇಡ್ ಸೆಂಟರ್ ಎಂಬ ಜೋಡಿ ಗೋಪುರಗಳ ಪೈಕಿ ಉತ್ತರದ ಗೋಪುರಕ್ಕೆ 8 ಗಂಟೆ 46 ನಿಮಿಷಕ್ಕೂ, ದಕ್ಷಿಣದ ಗೋಪುರಕ್ಕೆ 9 ಗಂಟೆ 3 ನಿಮಿಷಕ್ಕೂ ದುಷ್ಕರ್ಮಿಗಳು ವಿಮಾನಗಳನ್ನು ಅಪ್ಪಳಿಸಿದರು. ದಕ್ಷಿಣದ್ದು 9 ಗಂಟೆ 59 ನಿಮಿಷಕ್ಕೂ, ಉತ್ತರದ್ದು 10 ಗಂಟೆ 28 ನಿಮಿಷಕ್ಕೂ ಕುಸಿದು ಬಿದ್ದವು. ಆ ದಿನ ಅಮೇರಿಕಾದ ಮೂರು ಸ್ಥಳಗಳಲ್ಲಿ ಕೂಡಿ 2,977 ಮಂದಿ ನಿರಪರಾಧಿಗಳು ಪ್ರಾಣ ಕಳೆದುಕೊಂಡರು. ಇದು ಲೋಕವೆಲ್ಲ ಬಲ್ಲ ಸಂಗತಿ. ಆದರೆ ಅದೇ ಮುಂಜಾನೆ ಅದೇ ಗೋಪುರದ ನೆತ್ತಿಯ ಮೇಲೆ ನಡೆದ, ಅಷ್ಟಾಗಿ ಯಾರೂ ಹೇಳದಿರುವ ಸಂಗತಿಯೊಂದುಂಟು. ನಾವು ಹೇಳಬೇಕೆಂದಿರುವುದು ಅದನ್ನೇ.

ಉತ್ತರದ ಗೋಪುರವು 110 ಅಂತಸ್ತುಗಳದ್ದು. ಅದರ ಮಾಳಿಗೆಯ ಮೇಲೆ ಸುಮಾರು 360 ಅಡಿ ಎತ್ತರದ ಏಂಟೆನಾ ಸ್ತಂಭವೊಂದು ನಿಂತಿದ್ದಿತು. ನ್ಯೂಯಾರ್ಕಿನ ಬಹುತೇಕ ದೊಡ್ಡ ಟೆಲಿವಿಷನ್ ಕೇಂದ್ರಗಳು ತಮ್ಮ ಚಿತ್ರವನ್ನೂ ಧ್ವನಿಯನ್ನೂ ಆಕಾಶಕ್ಕೆ ಬಿಡುತ್ತಿದ್ದುದು ಈ ಒಂದೇ ಸ್ತಂಭದಿಂದ. ಏತಕ್ಕೆ ಇಷ್ಟು ಎತ್ತರವೆಂದು ನಮ್ಮ ಹುಡುಗಿಯರು ಕೇಳಬಹುದು. ಟೆಲಿವಿಷನ್ನಿನ ಅಲೆಗಳು ಬಹುಮಟ್ಟಿಗೆ ಬೆಳಕಿನಂತೆ ನೆಟ್ಟಗೆ ಹೋಗತಕ್ಕವು. ಭೂಮಿಯ ಬಾಗುವಿಕೆಯನ್ನು ಅನುಸರಿಸಿ ದೂರಕ್ಕೆ ಬಾಗಿ ಹೋಗಲಾರವು. ಸಮುದ್ರದ ದಡದಲ್ಲಿ ನಿಂತವನಿಗೆ ಕಾಣದ ಹಡಗು ದೀಪಸ್ತಂಭದ ಮೇಲೆ ನಿಂತವನಿಗೆ ಹೇಗೆ ಕಾಣುವುದೋ, ಹಾಗೆಯೇ ಏಂಟೆನಾ ಎತ್ತರವಾದಷ್ಟೂ ಅದರ ಅಲೆ ತಲಪುವ ನೆಲವು ಹೆಚ್ಚುತ್ತದೆ. ಆ ಸ್ತಂಭದ ತುದಿಯು ನೆಲದಿಂದ ಸುಮಾರು 526 ಮೀಟರು ಎತ್ತರದಲ್ಲಿದ್ದುದರಿಂದ, ಅಲ್ಲಿಂದ ದಿಗಂತವು ಸುಮಾರು 80 ಕಿಲೋಮೀಟರು ದೂರಕ್ಕೆ ಸರಿಯುತ್ತಿದ್ದಿತು. ನಡುವೆ ಎಷ್ಟು ಕಟ್ಟಡಗಳಿದ್ದರೂ ಇದಕ್ಕಿಂತ ಎತ್ತರವಾದದ್ದು ಯಾವುದೂ ಇರಲಿಲ್ಲ.

ಈ ಅಲೆಗಳನ್ನು ಹುಟ್ಟಿಸುವ ದೊಡ್ಡ ಯಂತ್ರಗಳು ಗೋಪುರದ ತುದಿಯ ಅಂತಸ್ತುಗಳಲ್ಲಿದ್ದವು. ಅವುಗಳನ್ನು ನೋಡಿಕೊಳ್ಳುವುದಕ್ಕೆ ಇಂಜಿನಿಯರರು ಸರದಿಯ ಮೇಲೆ ಕೆಲಸಮಾಡುತ್ತಿದ್ದರು. ಮನೆಯಲ್ಲಿ ಕುಳಿತು ವಾರ್ತೆ ನೋಡುವವರು ವಾರ್ತೆ ಓದುವವರ ಮುಖವನ್ನು ಬಲ್ಲರು. ಅದು ತಮ್ಮ ಮನೆಗೆ ಬರುವಂತೆ ಮಾಡುವವರ ಮುಖವನ್ನು ಅರಿಯರು. ಯಂತ್ರದ ಕಾವನ್ನು ನೋಡುವುದು, ಅಳತೆಗಳನ್ನು ಪುಸ್ತಕದಲ್ಲಿ ಬರೆದಿಡುವುದು, ಕೆಟ್ಟ ಭಾಗವನ್ನು ತೆಗೆದು ಹೊಸದನ್ನು ಸೇರಿಸುವುದು, ಇವೇ ಅವರ ನಿತ್ಯದ ಕೆಲಸ. ಅವರು ತಮ್ಮ ಕೆಲಸವನ್ನು ಚೆನ್ನಾಗಿ ಮಾಡಿದ ದಿನ ಅವರು ಇದ್ದಾರೆಂಬುದೇ ಯಾರಿಗೂ ನೆನಪಾಗುವುದಿಲ್ಲ.

ಆ ದಿನ ಬೆಳಿಗ್ಗೆ ಐದು ಕೇಂದ್ರಗಳ ಆರು ಮಂದಿ ಇಂಜಿನಿಯರರು ಮೇಲಿದ್ದರು. ಸಿ.ಬಿ.ಎಸ್. ಸಂಸ್ಥೆಯ ನ್ಯೂಯಾರ್ಕ್ ಕೇಂದ್ರದವರು ಇಬ್ಬರು, ಎನ್.ಬಿ.ಸಿ., ಎ.ಬಿ.ಸಿ. ಸಂಸ್ಥೆಗಳ ಕೇಂದ್ರಗಳಿಂದಲೂ, 11ನೆಯ ಚಾನೆಲಿನಿಂದಲೂ, 13ನೆಯದಾದ ಸಾರ್ವಜನಿಕ ಚಾನೆಲಿನಿಂದಲೂ ಒಬ್ಬೊಬ್ಬರು. ವಿಮಾನವು 93ರಿಂದ 99ರ ವರೆಗಿನ ಅಂತಸ್ತುಗಳನ್ನು ಸೀಳಿಕೊಂಡು ಒಳಹೊಕ್ಕುದರಿಂದ ಮೆಟ್ಟಲುಗಳ ದಾರಿಗಳೆಲ್ಲ ಕಡಿದುಹೋದವು. ಅದಕ್ಕಿಂತ ಮೇಲಿದ್ದವರಲ್ಲಿ ಒಬ್ಬರೂ ಬದುಕಿ ಕೆಳಗೆ ಬರಲಿಲ್ಲ. ಆ ಆರು ಮಂದಿಯೂ ಅಲ್ಲಿಯೇ ಮಡಿದರು.

ಇಲ್ಲಿ ನಾವು ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕು. ಇಂಥವರನ್ನು ಕುರಿತು ಬರೆಯುವಾಗ, ಅವರು ಓಡಿಹೋಗಲು ಒಪ್ಪದೆ ತಮ್ಮ ಕಾವಲಿನಲ್ಲಿ ನಿಂತೇ ಪ್ರಾಣಕೊಟ್ಟರೆಂದು ವರ್ಣಿಸುವ ಆಸೆ ಲೇಖನಿಗೆ ಉಂಟಾಗುವುದು ಸಹಜ. ಆದರೆ ಅವರಿಗೆ ಇಳಿಯುವ ದಾರಿಯೇ ಇರಲಿಲ್ಲ. ಸತ್ತವರ ಬಾಯಲ್ಲಿ ಅವರು ಆಡದ ಮಾತನ್ನು ಇಡುವುದು ಗೌರವವಲ್ಲ. ನಾವು ನಮ್ಮ ಹುಡುಗಿಯರಿಗೆ ಹೇಳತಕ್ಕದ್ದು ಇಷ್ಟೇ: ಆ ಆರು ಮಂದಿ ಆ ಬೆಳಿಗ್ಗೆ ಎಂದಿನಂತೆ ಕೆಲಸಕ್ಕೆ ಹೊತ್ತಿಗೆ ಸರಿಯಾಗಿ ಬಂದಿದ್ದರು, ತಾವು ಇರಬೇಕಾದ ಸ್ಥಳದಲ್ಲಿ ಇದ್ದರು. ಇದು ಸಣ್ಣ ಹೊಗಳಿಕೆಯಂತೆ ಕಾಣಬಹುದು. ಮೂವತ್ತು ವರ್ಷ ಒಂದೇ ಕೆಲಸಕ್ಕೆ ಹೊತ್ತಿಗೆ ಸರಿಯಾಗಿ ಹೋದವರನ್ನು ಕೇಳಿದರೆ ಅದು ಸಣ್ಣದಲ್ಲವೆಂದು ಹೇಳುವರು.

ಗೋಪುರವು ಹೀಗೆ ಹೋದುದರಿಂದ ಅದರ ಸ್ತಂಭವನ್ನು ನಂಬಿದ್ದ ಕೇಂದ್ರಗಳ ಆಕಾಶಪ್ರಸಾರವು ನಿಂತುಹೋಯಿತು. ಕೇಬಲಿನ ತಂತಿ ಇದ್ದ ಮನೆಗಳಿಗೆ ತೊಂದರೆ ಹೆಚ್ಚಾಗಲಿಲ್ಲ. ಏಕೆಂದರೆ ಕೇಬಲಿನವರಿಗೆ ಕೇಂದ್ರಗಳಿಂದ ಚಿತ್ರವು ನೆಲದೊಳಗಿನ ತಂತಿಯ ಮೂಲಕವೇ ಬರುತ್ತಿದ್ದಿತು. ನಗರದ ಹೆಚ್ಚು ಮನೆಗಳಲ್ಲಿ ಈ ಅನುಕೂಲವಿತ್ತು. ಆದರೆ ತಿಂಗಳ ತಿಂಗಳ ಹಣ ತೆರಲಾರದೆ ಮನೆಯ ಏಂಟೆನಾವನ್ನೇ ನೆಚ್ಚಿಕೊಂಡಿದ್ದವರಿಗೆ, ತಮ್ಮ ನಗರವು ಹೊತ್ತಿ ಉರಿಯುತ್ತಿರುವ ಹೊತ್ತಿನಲ್ಲಿ, ಒಂದೊಂದಾಗಿ ಪರದೆಗಳು ಬರಿದಾದವು. ಯಾವ ಬೀದಿ ಮುಚ್ಚಿದೆ, ಯಾವ ಸೇತುವೆ ತೆರೆದಿದೆ, ಮಕ್ಕಳನ್ನು ಶಾಲೆಯಿಂದ ಕರೆತರುವುದು ಹೇಗೆ ಎಂಬ ಸುದ್ದಿ ಎಲ್ಲರಿಗಿಂತಲೂ ಬೇಕಾಗಿದ್ದವರಿಗೇ ದಾರಿಗಳು ಕಡಿಮೆಯಾದವು.

ಇದರ ಅರ್ಥವು ನಮಗೆ ಪುಸ್ತಕದಿಂದ ತಿಳಿಯಬೇಕಾದ್ದಿಲ್ಲ. 2020ನೆಯ ಇಸವಿಯಲ್ಲಿ ಸಾಂಕ್ರಾಮಿಕ ರೋಗದ ನಿಮಿತ್ತ ಶಾಲೆಗಳು ಮುಚ್ಚಿದ್ದಾಗ, ಕರ್ನಾಟಕದಲ್ಲಿ ಹೈಸ್ಕೂಲು ತರಗತಿಗಳ 'ಸಂವೇದ' ಪಾಠಗಳು ದೂರದರ್ಶನದ ಚಂದನ ವಾಹಿನಿಯಲ್ಲಿ ಪ್ರಸಾರವಾದುದು ತಮ್ಮ ನೆನಪಿನಲ್ಲಿರಬಹುದು. ಕೈಯಲ್ಲಿ ಒಳ್ಳೆಯ ಫೋನ್ ಇದ್ದ ಹುಡುಗಿಗೆ ಪಾಠಕ್ಕೆ ಹತ್ತು ದಾರಿಗಳಿದ್ದವು. ಇಲ್ಲದವಳಿಗೆ ನೆರೆಮನೆಯ ಟೆಲಿವಿಷನ್ ಒಂದೇ ದಾರಿ. ಪ್ರಸಾರದ ಯಂತ್ರವನ್ನು ನೋಡಿಕೊಳ್ಳುವವನು ಯಾರ ಸೇವೆ ಮಾಡುತ್ತಾನೆಂಬುದನ್ನು ಆ ವರ್ಷ ನಾವು ಕಣ್ಣಾರೆ ಕಂಡೆವು.

ನ್ಯೂಯಾರ್ಕಿನ ಆ ಬೆಳಿಗ್ಗೆ ಒಂದು ದೊಡ್ಡ ಕೇಂದ್ರ ಮಾತ್ರ ಆಕಾಶದಿಂದ ಮರೆಯಾಗಲಿಲ್ಲ. ಅದು ಸಿ.ಬಿ.ಎಸ್. ಸಂಸ್ಥೆಯ 2ನೆಯ ಚಾನೆಲ್. ತನ್ನ ಇಬ್ಬರು ಇಂಜಿನಿಯರರನ್ನು ಕಳೆದುಕೊಂಡ ಕೇಂದ್ರವೂ ಅದೇ. ಅದು ಉಳಿದುದು ಹೇಗೆ? ನಗರದ ಮಧ್ಯದಲ್ಲಿರುವ ಎಂಪೈರ್ ಸ್ಟೇಟ್ ಬಿಲ್ಡಿಂಗ್ ಎಂಬ 1931ನೆಯ ಇಸವಿಯ ಹಳೆಯ ಕಟ್ಟಡದಲ್ಲಿ ಅದು ಬದಲಿ ಯಂತ್ರವೊಂದನ್ನು ಇಟ್ಟುಕೊಂಡಿದ್ದಿತು. ಬದಲಿ ಯಂತ್ರವೆಂದರೆ ವರ್ಷಗಟ್ಟಲೆ ಯಾವ ಉಪಯೋಗವೂ ಇಲ್ಲದೆ ಬಾಡಿಗೆಯನ್ನೂ ಕೂಲಿಯನ್ನೂ ತಿನ್ನುವ ವಸ್ತು. ಲೆಕ್ಕಪತ್ರ ನೋಡುವವರಿಗೆ ಅದು ಪ್ರತಿ ವರ್ಷವೂ ದಂಡದ ಖರ್ಚಾಗಿಯೇ ಕಾಣುವುದು. ಒಂದು ದಿನ ಮಾತ್ರ ಹಾಗೆ ಕಾಣುವುದಿಲ್ಲ.

ಇನ್ನೂ ನೋವಿನ ಸಂಗತಿಯೇನೆಂದರೆ, ಎಚ್ಚರಿಕೆಯು ಮೊದಲೇ ಬಂದಿದ್ದಿತು. 1993ನೆಯ ಇಸವಿ ಫೆಬ್ರವರಿ 26ರಂದು ಅದೇ ಕಟ್ಟಡದ ನೆಲಮಾಳಿಗೆಯಲ್ಲಿ ದುಷ್ಕರ್ಮಿಗಳು ಬಾಂಬು ಸಿಡಿಸಿದ್ದರು. ಆರು ಮಂದಿ ಸತ್ತರು. ಗೋಪುರಗಳು ನಿಂತವು, ಆದರೆ ವಿದ್ಯುತ್ತಿನ ತಂತಿಗಳು ಕಡಿದುದರಿಂದ ಅಲ್ಲಿಂದ ಪ್ರಸಾರಮಾಡುತ್ತಿದ್ದ ಹೆಚ್ಚಿನ ಕೇಂದ್ರಗಳು ಕೆಲವು ದಿನಗಳ ಕಾಲ ಆಕಾಶದಿಂದ ಮರೆಯಾದವು. ಆಗಲೂ ಬದಲಿ ಯಂತ್ರವಿದ್ದ 2ನೆಯ ಚಾನೆಲ್ ನಿಲ್ಲದೆ ನಡೆಯಿತು. ಅಂದರೆ, ಎಲ್ಲ ದೀಪಗಳನ್ನೂ ಒಂದೇ ಕಂಬಕ್ಕೆ ಕಟ್ಟಬಾರದೆಂಬ ಪಾಠವು ಎಂಟು ವರ್ಷಗಳ ಮೊದಲೇ ಎಲ್ಲರಿಗೂ ದೊರಕಿತ್ತು. ಹೀಗಿದ್ದರೂ 2001ರಲ್ಲಿ ಹಲವು ಕೇಂದ್ರಗಳಿಗೆ ಬೇರೆ ಸ್ಥಳದಲ್ಲಿ ಸಿದ್ಧವಾದ ಬದಲಿ ಇರಲಿಲ್ಲ. ನಾವು ಅವರನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಅಪಾಯವು ಕಳೆದ ಮೇಲೆ ಪಾಠವನ್ನು ಮರೆಯುವುದು ಮನುಷ್ಯಸ್ವಭಾವವೆಂದೂ, ನಾವು ಆ ಸ್ವಭಾವಕ್ಕೆ ಹೊರತಲ್ಲವೆಂದೂ ತೋರಿಸುವುದಕ್ಕೆ ಹೇಳುತ್ತಿದ್ದೇವೆ.

ಮತ್ತಾಯನ ಸುವಾರ್ತೆಯ ಹತ್ತು ಮಂದಿ ಕನ್ಯೆಯರ ಸಾಮ್ಯವನ್ನು ನಮ್ಮ ಶಾಲೆಯಲ್ಲಿ ಓದಿದ ಯಾವಳೂ ಮರೆತಿರಲಾರಳು. ಐವರು ದೀಪಗಳ ಜೊತೆಗೆ ಪಾತ್ರೆಗಳಲ್ಲಿ ಎಣ್ಣೆಯನ್ನೂ ತಂದಿದ್ದರು, ಐವರು ತರಲಿಲ್ಲ. ಸಂಜೆಯ ಹೊತ್ತಿನಲ್ಲಿ ಹತ್ತು ದೀಪಗಳೂ ಒಂದೇ ಸಮನಾಗಿ ಉರಿಯುತ್ತಿದ್ದವು. ನೋಡಿದವರಿಗೆ ಯಾರು ಬುದ್ಧಿವಂತೆಯೆಂದು ತಿಳಿಯುತ್ತಿರಲಿಲ್ಲ. ಮಧ್ಯರಾತ್ರಿಯಲ್ಲಿ ತಿಳಿಯಿತು. ಸೆಪ್ಟೆಂಬರ್ 10ನೆಯ ತಾರೀಖಿನ ಸಂಜೆ ನ್ಯೂಯಾರ್ಕಿನ ಎಲ್ಲ ಕೇಂದ್ರಗಳ ಚಿತ್ರವೂ ಒಂದೇ ಸಮನಾಗಿ ಹೊಳೆಯುತ್ತಿದ್ದಿತು.

ಆದರೆ ಕತ್ತಲಾದ ಮೇಲೆ ನಡೆದುದು ಆ ಸಾಮ್ಯದಂತೆ ಆಗಲಿಲ್ಲ. ಅಲ್ಲಿ ಎಣ್ಣೆಯಿದ್ದವರು ಹಂಚಿಕೊಳ್ಳಲಾರದೆ ಹೋದರು. ಇಲ್ಲಿ ಚಿಕ್ಕವರು ದೊಡ್ಡವರಿಗೆ ಹಂಚಿದರು. ಎ.ಬಿ.ಸಿ. ಸಂಸ್ಥೆಯ 7ನೆಯ ಚಾನೆಲಿನ ಚಿತ್ರವನ್ನು ಸಣ್ಣ ಕೇಂದ್ರಗಳು ತಮ್ಮ ಅಲೆಗಳ ಮೇಲೆ ಹೊತ್ತು ಬಿತ್ತರಿಸಿದವು. ಅವುಗಳಲ್ಲಿ ಒಂದು ಡಬ್ಲ್ಯು.ಎನ್.ವೈ.ಇ. ಎಂಬ 25ನೆಯ ಚಾನೆಲ್. ಅದು ಆ ಕಾಲದಲ್ಲಿ ನ್ಯೂಯಾರ್ಕ್ ನಗರದ ಶಿಕ್ಷಣ ಮಂಡಳಿಗೆ ಸೇರಿದ್ದಿತು. ಅಂದರೆ ಶಾಲೆಗಳ ಚಾನೆಲ್. ದೊಡ್ಡ ಕೇಂದ್ರದ ದೀಪವು ಆರಿದಾಗ ಬೆಳಕು ಕೊಟ್ಟವರಲ್ಲಿ ಶಾಲೆಯ ಹಣತೆಯೂ ಒಂದಾಗಿದ್ದಿತೆಂದು ಓದಿದಾಗ ನಮಗೆ ಉಂಟಾದ ಸಂತೋಷವನ್ನು ತಾವು ಕ್ಷಮಿಸುವಿರೆಂದು ನಂಬುತ್ತೇವೆ.

ಇಷ್ಟರಲ್ಲಿ ಉಳಿದ ಇಂಜಿನಿಯರರು ತಮ್ಮ ಕೆಲಸಕ್ಕೆ ಕೈಯಿಟ್ಟರು. ಸಂಗಾತಿಗಳು ಬದುಕಿರುವರೋ ಇಲ್ಲವೋ ತಿಳಿಯದ ಆ ಹೊತ್ತಿನಲ್ಲಿಯೇ, ಯಂತ್ರ ಎಲ್ಲಿ ದೊರಕೀತು, ಏಂಟೆನಾ ಎಲ್ಲಿ ದೊರಕೀತು, ಅದನ್ನು ಕಟ್ಟುವುದಕ್ಕೆ ಎತ್ತರವಾದ ಸ್ಥಳ ಎಲ್ಲಿದೆ ಎಂದು ಅವರು ಹುಡುಕಬೇಕಾಯಿತು. ಎಂಪೈರ್ ಸ್ಟೇಟ್ ಬಿಲ್ಡಿಂಗಿನ ತುದಿಯಲ್ಲಿ ಎಲ್ಲರಿಗೂ ಆ ಕೂಡಲೇ ಸ್ಥಳವಿರಲಿಲ್ಲ. ಆಗ ಅವರ ದೃಷ್ಟಿ ಹಡ್ಸನ್ ನದಿಯ ಆಚೆಗೆ, ಕುಸಿದ ಗೋಪುರಗಳಿಂದ ಸುಮಾರು 28 ಕಿಲೋಮೀಟರು ಉತ್ತರಕ್ಕೆ, ನ್ಯೂಜೆರ್ಸಿ ಸಂಸ್ಥಾನದ ಆಲ್ಪೈನ್ ಎಂಬ ಚಿಕ್ಕ ಊರಿನ ಕಡೆಗೆ ಹೋಯಿತು. ಅಲ್ಲಿ ನದಿಯ ದಡದ ಎತ್ತರವಾದ ಬಂಡೆಗಳ ಮೇಲೆ 425 ಅಡಿ ಎತ್ತರದ ಹಳೆಯ ಉಕ್ಕಿನ ಗೋಪುರವೊಂದು ನಿಂತಿದ್ದಿತು. ಅದರ ಹುಟ್ಟಿನ ಕಥೆಯನ್ನು ಹೇಳದಿದ್ದರೆ ಈ ಲೇಖನವು ಅರ್ಧವಾಗುವುದು.

ಆ ಗೋಪುರವನ್ನು ಕಟ್ಟಿಸಿದವರು ಎಡ್ವಿನ್ ಹವರ್ಡ್ ಆರ್ಮ್‌ಸ್ಟ್ರಾಂಗ್. ಇಂದು ನಾವು ಎಫ್.ಎಂ. ಎಂದು ಕರೆಯುವ, ಗುಡುಗುಮಿಂಚಿನ ಕರಕರ ಸದ್ದು ಬೆರೆಯದ ರೇಡಿಯೋ ಪದ್ಧತಿಯನ್ನು ಕಂಡುಹಿಡಿದವರು ಇವರೇ. 1934ರಲ್ಲಿ ಇವರು ತಮ್ಮ ಹೊಸ ಪದ್ಧತಿಯನ್ನು ಎಂಪೈರ್ ಸ್ಟೇಟ್ ಬಿಲ್ಡಿಂಗಿನ ತುದಿಯಿಂದಲೇ ಪರೀಕ್ಷಿಸುತ್ತಿದ್ದರು. 1935ರಲ್ಲಿ, ಆ ಸ್ಥಳವನ್ನು ಹೊಂದಿದ್ದ ಆರ್.ಸಿ.ಎ. ಸಂಸ್ಥೆಯವರು ತಮ್ಮ ಟೆಲಿವಿಷನ್ ಪ್ರಯೋಗಗಳಿಗೆ ಸ್ಥಳ ಬೇಕೆಂದು ಇವರ ಸಾಮಗ್ರಿಯನ್ನು ತೆಗೆಯಹೇಳಿದರು. ಸ್ಥಳ ಕಳೆದುಕೊಂಡ ಆರ್ಮ್‌ಸ್ಟ್ರಾಂಗರು ಎದೆಗುಂದದೆ ತಮ್ಮ ಸ್ವಂತ ಹಣದಿಂದ ಆಲ್ಪೈನಿನಲ್ಲಿ ಗೋಪುರವನ್ನು ಎಬ್ಬಿಸಿದರು. 1938ರ ವೇಳೆಗೆ ಅದು ಸಿದ್ಧವಾಗಿ ನಿಂತಿತು. ಮುಂದೆ ಪೇಟೆಂಟುಗಳ ದಾವೆಗಳಲ್ಲಿ ಅವರ ಹಣವೂ ಶರೀರವೂ ಮನಸ್ಸೂ ಸವೆದುಹೋದವು. 1954ರಲ್ಲಿ ಅವರು ದುಃಖಕರವಾದ ಅಂತ್ಯವನ್ನು ಕಂಡರು. ಅವರ ಪತ್ನಿ ಮೇರಿಯನ್ ಎಂಬವರು ದಾವೆಗಳನ್ನು ಬಿಡದೆ ನಡೆಯಿಸಿ, 1967ರ ವೇಳೆಗೆ ಕಡೆಯದನ್ನೂ ಗೆದ್ದು, ಪತಿಯ ಹೆಸರಿಗೆ ನ್ಯಾಯ ದೊರಕಿಸಿದರು.

ಟೆಲಿವಿಷನ್ನಿಗೆ ಎಡೆಮಾಡಿಕೊಡುವುದಕ್ಕಾಗಿ ಹೊರಗೆ ಕಳುಹಿಸಲ್ಪಟ್ಟವರು ಕಟ್ಟಿಸಿದ ಗೋಪುರವೇ, ಅರವತ್ತು ವರ್ಷಗಳ ಮೇಲೆ, ನಿರಾಶ್ರಿತವಾದ ಟೆಲಿವಿಷನ್ನಿಗೆ ಆಶ್ರಯವಾಯಿತು. 7ನೆಯ ಚಾನೆಲೂ, ಎನ್.ಬಿ.ಸಿ. ಸಂಸ್ಥೆಯ 4ನೆಯ ಚಾನೆಲೂ ಆಲ್ಪೈನಿನಿಂದ ಮತ್ತೆ ಆಕಾಶಕ್ಕೆ ಬಂದವು. ಕಟ್ಟಿಸಿದವರು ಅದನ್ನು ನೋಡಲಿಲ್ಲ. ಆದರೆ ಒಂದು ಮಾತನ್ನು ನಾವು ಗಮನಿಸತಕ್ಕದ್ದು: ಕಟ್ಟಿಸಿದವರು ಒಬ್ಬರಾದರೆ, ಅವರು ತೀರಿಹೋದ ಮೇಲೆ ಸುಮಾರು ಐವತ್ತು ವರ್ಷ ಆ ಉಕ್ಕಿಗೆ ತುಕ್ಕು ಹಿಡಿಯದಂತೆ ಬಣ್ಣ ಬಳಿದವರೂ, ಬೋಲ್ಟುಗಳನ್ನು ಬಿಗಿಮಾಡಿದವರೂ ಬೇರೆಯವರು. ಅವರು ಆ ಕೆಲಸವನ್ನು ಬಿಟ್ಟಿದ್ದರೆ 2001ರಲ್ಲಿ ಇಂಜಿನಿಯರರು ಏರುವುದಕ್ಕೆ ಗೋಪುರವೇ ಇರುತ್ತಿರಲಿಲ್ಲ.

ಈ ಏರ್ಪಾಡು ಪೂರ್ಣವಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಆಲ್ಪೈನ್ ನಗರದ ಉತ್ತರಕ್ಕೆ ಇರುವುದರಿಂದಲೂ, ಹಳೆಯ ಸ್ತಂಭದಷ್ಟು ಎತ್ತರವಿಲ್ಲದುದರಿಂದಲೂ, ದಕ್ಷಿಣ ಭಾಗದ ಅನೇಕ ಮನೆಗಳಿಗೆ ಚಿತ್ರವು ಮಸಕಾಗಿ ತಲಪಿತು, ಕೆಲವಕ್ಕೆ ತಲಪಲಿಲ್ಲ. ಇಂಜಿನಿಯರರು ಅಷ್ಟಕ್ಕೆ ತೃಪ್ತರಾಗದೆ ಎಂಪೈರ್ ಸ್ಟೇಟ್ ಬಿಲ್ಡಿಂಗಿನಲ್ಲಿ ಸ್ಥಳಮಾಡಿಕೊಂಡು ಒಂದೊಂದೇ ಕೇಂದ್ರವನ್ನು ಅಲ್ಲಿಗೆ ತಂದರು. ಮೊದಲು ಮಸುಕಾದರೂ ಒಂದು ಬೆಳಕು, ಆಮೇಲೆ ಒಳ್ಳೆಯ ಬೆಳಕು, ಕಡೆಗೆ ಹಿಂದಿನ ಬೆಳಕು. ದುರಸ್ತಿ ಎಂಬುದು ಯಾವಾಗಲೂ ಈ ಕ್ರಮದಲ್ಲಿಯೇ ನಡೆಯುವುದು. ಪೂರ್ಣವಾದುದು ದೊರೆಯುವ ತನಕ ಕೈಕಟ್ಟಿ ಕುಳಿತುಕೊಳ್ಳುವವರಿಂದ ಯಾವ ಮನೆಗೂ ಬೆಳಕು ಬಂದುದಿಲ್ಲ.

ಈಗ ನಮ್ಮ ಮನೆಯ ಮಾತಿಗೆ ಬರುವೆವು. ಎರಡು ವರ್ಷಗಳ ಹಿಂದೆ ನಮ್ಮ ವಾರ್ಷಿಕೋತ್ಸವದ ಸಂಜೆ ವಿದ್ಯುತ್ತು ಹೋದುದು ತಮ್ಮಲ್ಲಿ ಅನೇಕರಿಗೆ ನೆನಪಿದೆ. ನಮ್ಮಲ್ಲಿ ಜನರೇಟರ್ ಇದ್ದಿತು. ಅದರ ಮೇಲೆ ದಾನಿಗಳ ಹೆಸರಿನ ಫಲಕವೂ ಇದ್ದಿತು. ಆದರೆ ಅದು ಚಾಲೂ ಆಗಲಿಲ್ಲ. ವರ್ಷದಲ್ಲಿ ಒಂದು ಸಾರಿಯೂ ಅದನ್ನು ನಡೆಸಿ ನೋಡಬೇಕೆಂಬ ಬುದ್ಧಿ ನಮಗೆ ಬಂದಿರಲಿಲ್ಲ. ಈ ತಪ್ಪು ಪೂರ್ತಿಯಾಗಿ ನಮ್ಮದು. ಮುನ್ನೂರು ಮಂದಿ ಅತಿಥಿಗಳು ಕತ್ತಲೆಯಲ್ಲಿ ಕುಳಿತಿರುವಾಗ, ಬೋರ್ಡಿಂಗಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬಂದು, ತಾನು ನೋಡಬಹುದೇ ಎಂದು ಕೇಳಿದಳು. ಅವಳ ತಂದೆ ಊರಿನಲ್ಲಿ ನೀರಿನ ಪಂಪುಗಳನ್ನು ರಿಪೇರಿ ಮಾಡುವವರು. ಬ್ಯಾಟರಿಯ ಕೊನೆಗಳಿಗೆ ಕಿಲುಬು ಹಿಡಿದಿರುವುದನ್ನು ಟಾರ್ಚಿನ ಬೆಳಕಿನಲ್ಲಿ ತೋರಿಸಿ, ಬಿಸಿನೀರಿನಿಂದ ತೊಳೆದು, ಒರಸಿ, ಬಿಗಿಮಾಡಿದಳು. ಇಪ್ಪತ್ತು ನಿಮಿಷಗಳಲ್ಲಿ ದೀಪಗಳು ಹತ್ತಿದವು. ಆ ಬೆಳಕಿನಲ್ಲಿ ನಾವು ಹನ್ನೊಂದು ಮಂದಿ ಹುಡುಗಿಯರಿಗೆ ಬಹುಮಾನ ಹಂಚಿದೆವು. ಅವಳಿಗೆ ಒಂದನ್ನೂ ಕೊಡಲಿಲ್ಲ. ಅವಳು ಮಾಡಿದ ಕೆಲಸಕ್ಕೆ ನಮ್ಮ ಪಟ್ಟಿಯಲ್ಲಿ ಬಹುಮಾನವೇ ಇರಲಿಲ್ಲ. ಮಾರನೆಯ ದಿನ ಪ್ರಾರ್ಥನೆಯ ಹೊತ್ತಿನಲ್ಲಿ ಇದು ನಮ್ಮ ಮನಸ್ಸನ್ನು ಚುಚ್ಚಿತು, ಈಗಲೂ ಚುಚ್ಚುತ್ತಿದೆ.

ಆದುದರಿಂದ ನಮ್ಮ ಅಭಿಪ್ರಾಯವಿದು. ಕಟ್ಟುವುದನ್ನು ಮಾತ್ರ ಗೌರವಿಸಿ ಕಾಪಾಡುವುದನ್ನು ಗೌರವಿಸದ ಶಾಲೆಯು ಮಕ್ಕಳಿಗೆ ಅರ್ಧ ವಿದ್ಯೆಯನ್ನೇ ಕೊಡುತ್ತದೆ. ಕೂಡಿಸುತ್ತಿರುವ ನಿಧಿಯಲ್ಲಿ ನಾಲ್ಕು ರೂಪಾಯಿಗೆ ಒಂದು ರೂಪಾಯಿಯಂತೆ ಬೇರೆಯಾಗಿ ತೆಗೆದಿಟ್ಟು, ಅದನ್ನು ಕಟ್ಟಡ ಯಂತ್ರಗಳ ರಕ್ಷಣೆಗೂ, ಹುಡುಗಿಯರಿಗೆ ವಿದ್ಯುತ್ ಉಪಕರಣಗಳ ದುರಸ್ತಿ ಕಲಿಸುವ ಒಂದು ಕೋಣೆಗೂ ಮೀಸಲಿಡಬೇಕೆಂದು ನಾವು ಕೇಳಿಕೊಳ್ಳುತ್ತೇವೆ. ಗೋಪುರವು ಒಂದು ವರ್ಷ ತಡವಾದರೆ ಆಗಲಿ. ಗಡಿಯಾರಕ್ಕೆ ಕೀಲಿ ಕೊಡುವವರು ಸಿದ್ಧರಾದ ಮೇಲೆ ಅದು ಏಳಲಿ.

ಇದಕ್ಕೆ ಬರುವ ಆಕ್ಷೇಪಣೆಗಳು ನಮಗೆ ಗೊತ್ತು. ಸಭಾಂಗಣವು ಎಲ್ಲರ ಕಣ್ಣಿಗೆ ಬೀಳುವುದು, ಅದರ ಕಲ್ಲಿನ ಮೇಲೆ ದಾನಿಯ ಹೆಸರು ಕೊರೆಯಬಹುದು. ಸೋರದ ಮಾಡಿನ ಮೇಲೆ ಯಾರ ಹೆಸರನ್ನು ಕೊರೆಯುವುದು ಎಂದು ಒಬ್ಬ ಹಿರಿಯರು ನಗುತ್ತಾ ಕೇಳಿದರು. ಮಾತು ನಿಜವೇ. ಅದಕ್ಕಾಗಿಯೇ ಈ ದಾನವು ದೊಡ್ಡದೆಂದು ನಾವು ಉತ್ತರಕೊಟ್ಟೆವು. ಹತ್ತನೆಯ ತರಗತಿಯ ಹುಡುಗಿಯರಿಗೆ ಇದಕ್ಕೆಲ್ಲ ಹೊತ್ತೆಲ್ಲಿ ಎಂದು ಕೇಳುವವರೂ ಇದ್ದಾರೆ. ವಾರಕ್ಕೆ ಒಂದು ಗಂಟೆಯ ಕಾಲ ಎಂಟನೆಯ, ಒಂಬತ್ತನೆಯ ತರಗತಿಗಳಿಗೆ ಮಾತ್ರ ಇದನ್ನು ಕಲಿಸಬೇಕೆಂಬುದು ನಮ್ಮ ಯೋಚನೆ. ಪುಸ್ತಕದಲ್ಲಿ ಓದಿದ ವಿದ್ಯುತ್ ಪ್ರವಾಹದ ಪಾಠವು ಕೈಗೆ ಬಂದರೆ ಪರೀಕ್ಷೆಗೂ ನಷ್ಟವಾಗದು.

ಇನ್ನು ಕೆಲವು ತಾಯಂದಿರು, ಹೆಣ್ಣುಮಕ್ಕಳ ಕೈಗೆ ಸ್ಕ್ರೂಡ್ರೈವರ್ ಏತಕ್ಕೆ, ಕೈಗೆ ಮಸಿ ಹತ್ತುವುದಿಲ್ಲವೇ ಎಂದಿದ್ದಾರೆ. ಅವರು ನೆಹೆಮೀಯನ ಗ್ರಂಥದ ಮೂರನೆಯ ಅಧ್ಯಾಯವನ್ನು ಒಮ್ಮೆ ತಿರುಗಿ ಓದಬೇಕೆಂದು ವಿನಯದಿಂದ ಕೇಳುತ್ತೇವೆ. ಹಾಳಾದ ಯೆರೂಸಲೇಮಿನ ಗೋಡೆಯನ್ನು ಯಾರು ಯಾರು ಎಲ್ಲೆಲ್ಲಿ ಜೀರ್ಣೋದ್ಧಾರ ಮಾಡಿದರೆಂಬ ಉದ್ದವಾದ ಪಟ್ಟಿ ಅಲ್ಲಿದೆ. ಅಕ್ಕಸಾಲಿಗರೂ ವ್ಯಾಪಾರಿಗಳೂ ಯಾಜಕರೂ ಇರುವ ಆ ಪಟ್ಟಿಯ ನಡುವೆ ಶಲ್ಲೂಮನೆಂಬ ಅಧಿಪತಿಯೂ ಅವನ ಕುಮಾರ್ತೆಯರೂ ಸೇರಿದ್ದಾರೆ. ಅಧಿಪತಿಯ ಮಕ್ಕಳಾಗಿದ್ದರೂ ಅವರು ಕಲ್ಲುಮಣ್ಣಿಗೆ ಕೈಹಾಕಿದರು. ಅವರ ಅಂದಚೆಂದದ ವಿಷಯವಾಗಿಯಾಗಲಿ, ಮದುವೆಯ ವಿಷಯವಾಗಿಯಾಗಲಿ ಅಲ್ಲಿ ಒಂದು ಮಾತೂ ಇಲ್ಲ. ದುರಸ್ತಿ ಮಾಡಿದರೆಂಬುದೊಂದೇ ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಉಳಿದುಬಂದಿದೆ.

ನ್ಯೂಯಾರ್ಕಿನಲ್ಲಿ ಗೋಪುರಗಳು ನಿಂತಿದ್ದ ಸ್ಥಳದಲ್ಲಿ ಇಂದು ಎರಡು ದೊಡ್ಡ ಕೊಳಗಳಿವೆ. ಅವುಗಳ ಸುತ್ತಲಿನ ಕಂಚಿನ ಅಂಚುಗಳ ಮೇಲೆ ಮಡಿದವರ ಹೆಸರುಗಳನ್ನು ಕೊರೆದಿದ್ದಾರೆ. ಆ ಆರು ಮಂದಿ ಇಂಜಿನಿಯರರ ಹೆಸರುಗಳೂ ಅವುಗಳಲ್ಲಿವೆ. ಪಕ್ಕದಲ್ಲಿಯೇ 2014ರಲ್ಲಿ ತೆರೆದ ಹೊಸ ಗೋಪುರವು 1,776 ಅಡಿ ಎತ್ತರಕ್ಕೆ ಎದ್ದು ನಿಂತಿದೆ. ಬಂದವರು ಗೋಪುರವನ್ನು ತಲೆಯೆತ್ತಿ ನೋಡುತ್ತಾರೆ. ಹೆಸರುಗಳನ್ನು ಓದುವುದಕ್ಕೆ ತಲೆ ತಗ್ಗಿಸಬೇಕು. ನಮ್ಮ ಶಾಲೆಯ ಹುಡುಗಿಯರು ಎರಡನ್ನೂ ಕಲಿಯಲಿ ಎಂಬುದು ನಮ್ಮ ಪ್ರಾರ್ಥನೆ.

ಈ ಸಾರಿಯ ಬಹುಮಾನದ ಪಟ್ಟಿಗೆ ಹೊಸದೊಂದನ್ನು ಸೇರಿಸಿದ್ದೇವೆಂದು ತಿಳಿಸುವುದಕ್ಕೆ ಸಂತೋಷಪಡುತ್ತೇವೆ. ವರ್ಷದಲ್ಲಿ ಶಾಲೆಯ ಯಾವುದಾದರೊಂದು ವಸ್ತುವನ್ನು ಕೆಡದಂತೆ ಕಾಪಾಡಿದ, ಇಲ್ಲವೆ ಕೆಟ್ಟುದನ್ನು ಸರಿಮಾಡಿದ ಹುಡುಗಿಗೆ ಅದು ಸಲ್ಲುವುದು. ಮೊದಲನೆಯದು ಯಾರಿಗೆಂಬುದನ್ನು ಇಲ್ಲಿ ಬರೆಯಬೇಕಾದ್ದಿಲ್ಲ. ಎರಡು ವರ್ಷ ತಡವಾಗಿ ಕೊಡುತ್ತಿದ್ದೇವೆಂಬುದಷ್ಟೇ ನಮ್ಮ ನಾಚಿಕೆ. ವಾರ್ಷಿಕೋತ್ಸವಕ್ಕೆ ತಾವೆಲ್ಲರೂ ದಯಮಾಡಿಸಬೇಕು. ಜನರೇಟರನ್ನು ಈಗ ಪ್ರತಿ ಶನಿವಾರ ಬೆಳಿಗ್ಗೆ ಹತ್ತು ನಿಮಿಷ ನಡೆಸಿ ನೋಡುತ್ತಿದ್ದೇವೆ.

ಕರ್ತನ ಕೃಪೆಯು ತಮ್ಮೆಲ್ಲರ ಮನೆಗಳ ಮೇಲೆ ಇರಲಿ.